ಕುಡಿತ ಬಿಟ್ಟ ಮೇಲೆ ಮೇಲೇಳುವ ನೋವು

"ಬಿಟ್ಟು ತಿಂಗಳಾಯ್ತು ಡಾಕ್ಟ್ರೇ. ಆದ್ರೆ ಕುಡಿಯುವಾಗಲೇ ವಾಸಿ ಇದ್ರು, ಈಗ ಮಾತಾಡಿಸಿದ್ರೆ ಸಾಕು, ಸಿಡುಕ್ತಾರೆ." ಕುಡಿತ ಬಿಟ್ಟವರ ಹೆಂಡತಿಯರಿಂದ ಈ ಮಾತು ಪದೇ ಪದೇ ಕೇಳುತ್ತೇನೆ. ಇದು ಹೊಸದೇನಲ್ಲ.

ದಿನಾ ಕುಡಿಯುವವರು ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ಮೂರು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು. ಹಾಗಾಗಿ ಜಾಸ್ತಿ ಕುಡಿಯುವವರು ಹಠಕ್ಕೆ ಬಿದ್ದು ಮನೆಯಲ್ಲೇ ಒಮ್ಮೆಲೇ ಬಿಡಬಾರದು. ಆಸ್ಪತ್ರೆಯಲ್ಲಿ ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ಮೈ ಹತೋಟಿಗೆ ಬರುತ್ತದೆ.

ಮನಸ್ಸು ಅಷ್ಟು ಬೇಗ ಬರುವುದಿಲ್ಲ. ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ದಿನಾ ಹೀಗಾದರೆ ಮಿದುಳು ಅದಕ್ಕೆ ಎದುರಾಗಿ ಸದಾ ಎಚ್ಚರ ಇರಲು ಕಲಿಯುತ್ತದೆ. ಅಮಲು ಇಳಿದಾಗ ಆ ಎಚ್ಚರವಷ್ಟೇ ಉಳಿದು ಎದೆ ಡವಗುಟ್ಟುತ್ತದೆ. ಭಯ ಮರೆಯಲು ಕುಡಿದವರಿಗೆ ಕುಡಿತವೇ ಭಯ ಹೆಚ್ಚಿಸುತ್ತದೆ. ಜೊತೆಗೆ ವರ್ಷಗಟ್ಟಲೆ ಸಂಜೆಯ ಕ್ವಾರ್ಟರ್‌ನಲ್ಲಿ ಅದುಮಿಟ್ಟ ದುಃಖ, ನಾಚಿಕೆ, ಕೋಪ ಈಗ ಮೇಲೆ ಬರುತ್ತವೆ.

ಮತ್ತೆ ಕುಡಿದು ಬಂದವರನ್ನು ಯಾಕೆ ಅಂತ ಕೇಳಿದರೆ "ಸುಮ್ನೆ ಸರ್, ಮನಸ್ಸಾಯ್ತು" ಅನ್ನುತ್ತಾರೆ. ಅವತ್ತು ಬೆಳಗ್ಗೆಯಿಂದ ಏನೇನಾಯ್ತು ಎಂದು ಕೇಳುತ್ತಾ ಹೋಗುತ್ತೇನೆ. ಗುರುತು ಸಿಗದಂತೆ ಒಬ್ಬರ ವಿಷಯ ಹೇಳುವುದಾದರೆ, ಅವತ್ತು ತಮ್ಮನ ಮಗಳ ನಿಶ್ಚಿತಾರ್ಥ. ತಾಂಬೂಲ ಬದಲಿಸುವಾಗ ಹಿರಿಯರನ್ನೆಲ್ಲ ಮುಂದೆ ಕರೆದರು. ದೊಡ್ಡಪ್ಪನಾದ ಇವರನ್ನು ಕರೆಯಲಿಲ್ಲ. ಊಟಕ್ಕೂ ಕೂರದೆ ಎದ್ದು ಹೊರಟರು. ಬೈಕ್ ನಿಂತದ್ದು ವೈನ್ ಶಾಪ್ ಮುಂದೆ. "ನಂಗೆ ಅವಮಾನ ಆಯ್ತು" ಎಂದು ಹೇಳಲು ಅವರಿಗೆ ತುಂಬಾ ಹೊತ್ತು ಹಿಡಿಯಿತು. ಹೇಳಿ ಅತ್ತರು. ನನ್ನ ಪ್ರಕಾರ ಅವರ ಚಿಕಿತ್ಸೆ ಶುರುವಾದದ್ದು ಅವತ್ತೇ.

ಕುಡಿಯಬೇಕೆಂಬ ತುಡಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ ಇಳಿಯುತ್ತದೆ. ಅಷ್ಟು ಹೊತ್ತಿನಲ್ಲಿ ಹೊಟ್ಟೆಗೆ ಏನಾದರೂ ತಿನ್ನಿ. ನಂಬಿಕೆಯವರಿಗೆ ಫೋನ್ ಮಾಡಿ ಆದದ್ದನ್ನು ಆದ ಹಾಗೆ ಹೇಳಿ. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗಳ ಬಲವೂ ಇದೇ, ಅಲ್ಲಿ ನಿಮ್ಮ ನಾಚಿಕೆಯ ಕಥೆ ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಇದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರಿಗೆ ಒಂದು ಮಾತು. ಗೊತ್ತಾಗದ ಹಾಗೆ ಸಾರಿನಲ್ಲಿ ಕುಡಿತ ಬಿಡಿಸುವ ಮಾತ್ರೆ ಬೆರೆಸಬೇಡಿ. ಅದರ ಮೇಲೆ ಕುಡಿದರೆ ಬಿಪಿ ಕುಸಿದು ಜೀವಕ್ಕೇ ಕುತ್ತಾಗಬಹುದು. ಸಂಜೆ ಬಾಯಿ ಮೂಸಿ ನೋಡುವುದನ್ನೂ ಬಿಡಿ. ಕಾಫಿ ಕೊಟ್ಟು ಪಕ್ಕದಲ್ಲಿ ಕೂತು "ಇವತ್ತು ಹೇಗಿತ್ತು?" ಅಂತ ಕೇಳಿ. ಉತ್ತರ ಬರದಿದ್ದರೆ ನಾಳೆಯೂ ಕೇಳಿ.