ನೀರು ನುಗ್ಗುವುದು ಅಂಚಿನಿಂದ

ಬಾತ್‌ರೂಮ್ ಕ್ಯಾಬಿನೆಟ್ ಮಾಡಿಸಲು ಬರುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಸಾರ್, ಶೀಟ್ ವಾಟರ್‌ಪ್ರೂಫ್ ತಾನೇ?" ಹೌದು ಅಂದರೆ ಮುಗಿಯಿತು. ಆಮೇಲೆ ವಾರಗಟ್ಟಲೆ ಲ್ಯಾಮಿನೇಟ್ ಬಣ್ಣದ ಚರ್ಚೆ. ಕೊಯ್ದ ಅಂಚನ್ನು ಹೇಗೆ ಮುಚ್ಚುತ್ತೀರಿ, ಪೈಪಿಗೆ ಕೊರೆದ ತೂತಿಗೆ ಏನು ಹಚ್ಚುತ್ತೀರಿ ಅಂತ ಕೇಳುವವರು ಸಿಗುವುದೇ ಅಪರೂಪ. ಕ್ಯಾಬಿನೆಟ್ ಹಾಳಾಗುವುದು ಮಾತ್ರ ಅಲ್ಲಿಂದಲೇ.

ಮರೈನ್ ಪ್ಲೈವುಡ್ ತಗೊಳ್ಳಿ. ಅದರ ತುಂಡನ್ನು 72 ಗಂಟೆ ನೀರಿನಲ್ಲಿ ಕುದಿಸಿ ಪರೀಕ್ಷೆ ಮಾಡುತ್ತಾರೆ ಅಂತ ಎಲ್ಲರೂ ಕೇಳಿರುತ್ತೀರಿ. ನಿಜವೇ. ಆದರೆ ಆ ಪರೀಕ್ಷೆಯಲ್ಲಿ ನೋಡುವುದು ಪದರಗಳ ನಡುವಿನ ಅಂಟು ಬಿಡುತ್ತದೋ ಇಲ್ಲವೋ ಅನ್ನುವುದನ್ನು. ಅಂಟು ಪಾಸಾಯಿತು ಅಂದರೆ ಮರ ನೀರು ಕುಡಿಯುವುದಿಲ್ಲ ಅಂತಲ್ಲ. ಮರ ಮರವೇ. ಕುದಿಸಿ ತೆಗೆದಾಗ ಆ ತುಂಡು ತೊಯ್ದು ಭಾರವಾಗಿರುತ್ತದೆ, ಪದರ ಬಿಟ್ಟಿರುವುದಿಲ್ಲ ಅಷ್ಟೇ. ಮರದ ತೇವಾಂಶ 20 ಪರ್ಸೆಂಟ್ ದಾಟಿ ಹಾಗೇ ಉಳಿದರೆ ಶಿಲೀಂಧ್ರ ಹಿಡಿಯಲು ಜಾಗ ಸಿಕ್ಕಿತು. ಅಂಟು ಗಟ್ಟಿಯಾಗಿಯೇ ಇರುತ್ತದೆ, ಮರ ಕೊಳೆಯುತ್ತದೆ.

ನೀರು ಶೀಟಿನ ಮುಖದಿಂದ ಒಳಗೆ ಹೋಗುವುದು ಕಡಿಮೆ. ಅಲ್ಲಿ ಲ್ಯಾಮಿನೇಟ್ ಇದೆ. ಕೊಯ್ದ ಅಂಚಿನಲ್ಲಿ ಮಾತ್ರ ಮರದ ನಾರುಗಳ ಬಾಯಿ ತೆರೆದಿರುತ್ತದೆ. ಸ್ಟ್ರಾಗಳ ಕಟ್ಟನ್ನು ನೀರಿನಲ್ಲಿ ನಿಲ್ಲಿಸಿದ ಹಾಗೆ ಅದು ನೀರನ್ನು ಮೇಲಕ್ಕೆ ಎಳೆಯುತ್ತದೆ. ಬಾಗಿಲಿನ ಕೆಳ ಅಂಚು, ಪಕ್ಕದ ಹಲಗೆಯ ತಳ, ಹಿಂಜ್ ಕೂರಿಸಲು ಕೊರೆದ ಗುಂಡಿ, ಸ್ಕ್ರೂ ತೂತು, ಪೈಪಿನ ತೂತು: ಇವೆಲ್ಲ ಅಂಚುಗಳೇ. ನೀವು ಶೋರೂಮಿನಲ್ಲಿ ಕೈಯಾಡಿಸಿ ನೋಡುವ ಮುಖಕ್ಕೂ ಇವಕ್ಕೂ ಸಂಬಂಧವೇ ಇಲ್ಲ.

ಎಂಡಿಎಫ್‌ನಲ್ಲಿ ಇದು ಇನ್ನೂ ಜೋರು. ಅದನ್ನು ಮಾಡುವುದೇ ಮರದ ನಾರನ್ನು ಬಿಸಿಯಲ್ಲಿ ಒತ್ತಿ ಒತ್ತಿ. ನೀರು ತಾಗಿದರೆ ಆ ಒತ್ತಡ ಬಿಚ್ಚಿಕೊಂಡು ನಾರು ಉಬ್ಬುತ್ತದೆ. ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಹಸಿರು ಬಣ್ಣದ ಶೀಟ್ ನೋಡಿ ಧೈರ್ಯ ತಂದುಕೊಳ್ಳುವವರಿದ್ದಾರೆ. ಆ ಹಸಿರು ಗುರುತಿಗೆ ಹಾಕಿದ್ದು, ಬಣ್ಣವೇನೂ ನೀರು ತಡೆಯುವುದಿಲ್ಲ. ಒಳಗಿನ ರಾಳ ಬೇರೆ ಇರುತ್ತದೆ, ಹಾಗಾಗಿ ತೇವ ತಡೆಯುತ್ತದೆ. ನಿಂತ ನೀರಿಗೆ ಅಲ್ಲ. ಎಚ್‌ಡಿಎಚ್‌ಎಂಆರ್, ಅಂದರೆ ಇನ್ನೂ ಒತ್ತಾಗಿ ಮಾಡಿದ, ತೇವ ಹೆಚ್ಚು ತಡೆಯುವ ನಾರಿನ ಶೀಟ್, ಇನ್ನೂ ಸ್ವಲ್ಪ ವಾಸಿ. ಅದೂ ಅಂಚು ಮುಚ್ಚಿದ್ದರೆ.

ಒಂದು ಮನೆಯಿಂದ ಫೋನ್ ಬಂತು. ವಯಸ್ಸಾದ ದಂಪತಿ. ಅಮ್ಮನವರು ಸಿಟ್ಟಿನಲ್ಲಿದ್ದರು: "ಏನಪ್ಪಾ, ಒಳ್ಳೇ ಮಾಲು ಅಂತ ಹೇಳಿ ಹೀಗಾ ಮಾಡೋದು?" ಹೋಗಿ ನೋಡಿದೆ. ಹೊರಗೆ ಕ್ಯಾಬಿನೆಟ್ ಕನ್ನಡಿಯಂತೆ ಹೊಳೆಯುತ್ತಿತ್ತು. ದಿನಾ ಸ್ನಾನ ಆದ ಮೇಲೆ ಒಣ ಬಟ್ಟೆಯಲ್ಲಿ ಬಾಗಿಲು ಒರೆಸುತ್ತಾರಂತೆ. ಒಳಗಿದ್ದ ಬಕೆಟ್, ಬ್ರಷ್ ಎಲ್ಲ ತೆಗೆಸಿ ಟಾರ್ಚ್ ಬಿಟ್ಟರೆ, ಬೇಸಿನ್ ಪೈಪಿನ ಸುತ್ತ ಹಲಗೆ ಕಪ್ಪಗಾಗಿ ಎದ್ದು ನಿಂತಿತ್ತು. ನಾವು ಮುಚ್ಚಿ ಕೊಟ್ಟ ತೂತಿನ ಪಕ್ಕದಲ್ಲೇ, ನಂತರ ಬಂದ ಪ್ಲಂಬರ್ ಇನ್ನೊಂದು ಕೊರೆದಿದ್ದ. ಏನೂ ಹಚ್ಚದ ಅಂಚು, ಮೇಲೆ ಹನಿ ಹನಿ ತೊಟ್ಟಿಕ್ಕುವ ಟ್ರ್ಯಾಪ್ (ಬೇಸಿನ್ ಕೆಳಗೆ ನೀರು ನಿಲ್ಲುವ ಪೈಪಿನ ಭಾಗ). ಅವನನ್ನು ಬೈಯಲು ನನಗೆ ಮನಸ್ಸಿಲ್ಲ, ಅವನ ಕೆಲಸ ಪೈಪ್ ಕೂರಿಸುವುದು. ಆದರೆ ಕಾರ್ಪೆಂಟರ್ ಹೋದ ಮೇಲೆ ಪ್ಲಂಬರ್ ಬರುವ ಮನೆಗಳಲ್ಲೆಲ್ಲ ಇದೇ ಕಥೆ. ಪ್ಲಂಬರ್ ಕೆಲಸ ಮುಗಿದ ಮೇಲೆ ಕಾರ್ಪೆಂಟರನ್ನು ಇನ್ನೊಂದು ಸಲ ಕರೆಸಿ. ಹೊಸ ತೂತಿಗೆ ಎರಡು ಕೋಟ್ ಪಿಯು (ಪಾಲಿಯುರೆಥೇನ್ ಲೇಪ) ಇಲ್ಲವೇ ಎಪಾಕ್ಸಿ ಹಚ್ಚಿಸಿ, ಪೈಪಿನ ಸುತ್ತ ಸಿಲಿಕೋನ್ ತುಂಬಿಸಿ. ಅರ್ಧ ಗಂಟೆಯ ಕೆಲಸ.

ಎಡ್ಜ್ ಬ್ಯಾಂಡ್, ಅಂದರೆ ಅಂಚು ಮುಚ್ಚುವ ಪಟ್ಟಿ, ಅಂಟಿಸುವ ಗಮ್ ಬಗ್ಗೆಯೂ ಕೇಳಿ. ಮಾಮೂಲಿ ಹಾಟ್‌ಮೆಲ್ಟ್ ಗಮ್ ಬಿಸಿಗೆ ಮತ್ತೆ ಮೆತ್ತಗಾಗುತ್ತದೆ. ಪಿಯುಆರ್ ಅನ್ನುವ ಪಾಲಿಯುರೆಥೇನ್ ಗಮ್ ಒಮ್ಮೆ ಗಟ್ಟಿಯಾದರೆ ಬಿಸಿಗೂ ತೇವಕ್ಕೂ ಜಾಸ್ತಿ ತಡೆಯುತ್ತದೆ. ಎಲ್ಲ ಕಡೆ ಅದನ್ನು ಹಚ್ಚುವ ಮಷೀನ್ ಇರುವುದಿಲ್ಲ. ಇಲ್ಲದಿದ್ದರೆ ಬ್ಯಾಂಡ್ ಹಚ್ಚುವ ಮೊದಲೇ ಅಂಚಿಗೆ ಸೀಲರ್ ಕೊಡಿಸಿ.

"ಹಾಗಾದ್ರೆ ಪಿವಿಸಿ ಬೋರ್ಡೇ ಹಾಕಿಬಿಡೋಣ, ಅಲ್ವಾ?" ಅಂತ ಕೇಳುತ್ತಾರೆ. ಹಾಕಬಹುದು. ಅದು ನೀರು ಕುಡಿದು ಉಬ್ಬುವುದಿಲ್ಲ, ನಿಜ. ಆದರೆ ಸ್ಕ್ರೂ ಹಿಡಿತ ಕಡಿಮೆ, ಭಾರದ ಬಾಗಿಲು ಕಾಲಕ್ರಮೇಣ ಜೋಲುತ್ತದೆ. ಉದ್ದದ ಶೆಲ್ಫ್ ನಡುವೆ ಬಗ್ಗುತ್ತದೆ. ಹೇರ್ ಸ್ಟ್ರೈಟ್ನರನ್ನು ಬಿಸಿಯಿರುವಾಗಲೇ ಇಟ್ಟರೆ ಗುರುತು ಬಿದ್ದಿತು ಅಂತಲೇ ಲೆಕ್ಕ. ಬೇಸಿನ್ ಕೆಳಗಿನ ಪೆಟ್ಟಿಗೆಗೆ, ಚಿಕ್ಕ ಬಾಗಿಲುಗಳಿಗೆ ನಾನು ಅದನ್ನೇ ಹೇಳುತ್ತೇನೆ. ಕಲ್ಲಿನ ಕೌಂಟರ್ ಹೊರಬೇಕಾದ ಕಡೆ ಹೇಳುವುದಿಲ್ಲ. ಗಟ್ಟಿ ಮರದಲ್ಲಿ ತೇಗ ಚೆನ್ನಾಗಿ ಬಾಳುತ್ತದೆ, ಆದರೆ ಯಾವ ಮರವಾದರೂ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ, ಬಾಗಿಲಿಗೆ ಸ್ವಲ್ಪ ಸಂದಿ ಬಿಡಬೇಕು.

ಇನ್ನು ಹಿಂಜ್. 304 ಅನ್ನುವ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು ತಗೊಳ್ಳಿ. ತಗೊಂಡು, ಅದರ ಪಕ್ಕದಲ್ಲೇ ಟಾಯ್ಲೆಟ್ ಕ್ಲೀನರ್ ಬಾಟಲಿ ಇಡಬೇಡಿ. ಅವುಗಳಲ್ಲಿ ಹಲವಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿರುತ್ತಾರೆ. ಮುಚ್ಚಳ ಸ್ವಲ್ಪ ಸಡಿಲವಾಗಿದ್ದರೂ ಅದರ ಹಬೆ ಮುಚ್ಚಿದ ಕ್ಯಾಬಿನೆಟ್ಟಿನಲ್ಲಿ ತುಂಬಿಕೊಳ್ಳುತ್ತದೆ. 304 ಕೂಡ ಅದಕ್ಕೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಮೇಲಿನ ಹಿಂಜ್ ಹೊಸದರಂತಿದ್ದು ಕೆಳಗಿನದು ಮಾತ್ರ ತುಕ್ಕು ಹಿಡಿದಿದ್ದರೆ ನಾನು ಮೊದಲು ಹುಡುಕುವುದು ಆ ಬಾಟಲಿಯನ್ನೇ.

ಈಗಾಗಲೇ ಕೆಳ ಅಂಚು ಉಬ್ಬಿದ್ದರೆ? ಮೇಲಿಂದ ಮೇಲೆ ಲ್ಯಾಮಿನೇಟ್ ಪಟ್ಟಿ ಅಂಟಿಸಿ ಮುಚ್ಚಬೇಡಿ, ಒಳಗಿನ ತೇವ ಅಲ್ಲೇ ಕೂರುತ್ತದೆ. ಮೊದಲು ಸೋರಿಕೆ ನಿಲ್ಲಿಸಿ. ಪ್ಲೈವುಡ್ ಆದರೆ ಬಾಗಿಲು ಬಿಚ್ಚಿ ನೆರಳಿನಲ್ಲಿ ಚೆನ್ನಾಗಿ ಒಣಗಲು ಬಿಡಿ, ಚೂಪಾದ ಸ್ಕ್ರೂಡ್ರೈವರಿನಿಂದ ಅಂಚನ್ನು ಚುಚ್ಚಿ ನೋಡಿ. ಗಟ್ಟಿಯಾಗಿದ್ದರೆ ಉಜ್ಜಿ ಸೀಲ್ ಮಾಡಿ ಬ್ಯಾಂಡ್ ಹಚ್ಚಿಸಬಹುದು. ತುದಿ ಮೆತ್ತಗೆ ಒಳಗಿಳಿದರೆ, ಅಥವಾ ಅದು ಎಂಡಿಎಫ್ ಆಗಿದ್ದರೆ, ಆ ಒಂದು ಹಲಗೆ ಬದಲಿಸಿ. ಇಡೀ ಕ್ಯಾಬಿನೆಟ್ ಕಿತ್ತು ಹಾಕುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ, ಆದರೂ ನೋಡದೆ ಯಾರಿಗೂ ಮಾತು ಕೊಡಲಾರೆ.