ಹುಳು ಕಾಣದಿದ್ದರೆ ಬುಡದ ಮಣ್ಣು ಕೆದಕಿ ನೋಡಿ

‘ಮೆಕ್ಕೆಜೋಳದ ಸುಳಿಯಲ್ಲಿ ಸೈನಿಕ ಹುಳ ಒಂದೂ ಕಾಣ್ತಿಲ್ಲ ಸಾರ್, ಔಷಧ ಚೆನ್ನಾಗಿ ಹಿಡೀತು’ ಎಂದು ಶಿಕಾರಿಪುರ, ಸೊರಬ ಕಡೆಯ ರೈತರು ಫೋನ್ ಮಾಡುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಔಷಧ ಹೊಡೆದ ದಿನ ಹುಳು ಎಷ್ಟು ಉದ್ದ ಇತ್ತು? ಆಗಲೇ ಒಂದೂವರೆ ಇಂಚಿಗೆ ಬಂದಿತ್ತು ಅಂದರೆ, ಅದು ಔಷಧಕ್ಕೆ ಸತ್ತಿತೋ ಇಲ್ಲವೇ ತಿಂದು ಮುಗಿಸಿ ತಾನೇ ಕೆಳಗಿಳಿದು ಹೋಯಿತೋ ಹೇಳುವುದು ಕಷ್ಟ. ಸುಳಿ ನೋಡಿದರೆ ಗೊತ್ತಾಗುವುದಿಲ್ಲ. ಬುಡದ ಮಣ್ಣು ಕೆದಕಬೇಕು.

ಜಾಸ್ತಿ ಆಳ ಬೇಡ. ಎರಡರಿಂದ ಎಂಟು ಸೆಂಟಿಮೀಟರ್ ಒಳಗೇ ಹುಳುವಿನ ಕೋಶ ಸಿಗುತ್ತದೆ. ಕೆಂಪು ಮಿಶ್ರಿತ ಕಂದು ಬಣ್ಣ, ಮೇಲೆ ಹೊಳಪು, ಉದ್ದ ಒಂದೂವರೆ ಸೆಂಟಿಮೀಟರ್ ಆಸುಪಾಸು. ನಡೆಯುವ ಕಾಲಿಲ್ಲ, ತಿನ್ನುವ ಬಾಯಿಲ್ಲ. ಬೆರಳಲ್ಲಿ ಹಿಡಿದರೆ ಹಿಂಭಾಗ ಮಾತ್ರ ಆಚೆ ಈಚೆ ತಿರುಗುತ್ತದೆ. ಬೆಳಕಿಗೆ ಹಿಡಿದು ನೋಡಿ: ರೆಕ್ಕೆ, ಮೀಸೆ, ಕಾಲು ಎಲ್ಲದರ ಗುರುತೂ ಮೈಗೆ ಅಂಟಿಕೊಂಡಂತೆ ಕಾಣುತ್ತದೆ. ಕೋಶ ಅಂದರೆ ಇದೇ. ಹುಳು ಪತಂಗವಾಗುವ ನಡುವಿನ ಹಂತ. ಬೀಜ ಅಂದುಕೊಂಡು ಬಿಸಾಕುವವರೂ ಇದ್ದಾರೆ.

ಈ ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಪತ್ತೆಯಾಗಿದ್ದೇ ಶಿವಮೊಗ್ಗದಲ್ಲಿ. 2018ರ ಬೇಸಿಗೆ ಕೊನೆ, ಮುಂಗಾರಿನ ಶುರುವಿನಲ್ಲಿ ಇಲ್ಲಿನ ಕೃಷಿ ಕಾಲೇಜಿನವರು ಮೆಕ್ಕೆಜೋಳದಲ್ಲಿ ಇದನ್ನು ಗುರುತಿಸಿದರು. ಅಲ್ಲಿಂದ ಈಚೆಗೆ ಹುಳುವಿನ ಫೋಟೊ ಎಲ್ಲರ ಮೊಬೈಲ್‌ನಲ್ಲೂ ಇದೆ. ತಲೆಯ ಮೇಲಿನ ತಲೆಕೆಳಗಾದ ‘ವೈ’ ಗುರುತನ್ನು ಶಾಲೆ ಮಕ್ಕಳೂ ಹೇಳುತ್ತಾರೆ. ಆದರೆ ಇದರ ಕೋಶ ನೋಡಿದ್ದೀರಾ ಅಂತ ಸಭೆಯಲ್ಲಿ ಕೇಳಿದರೆ ಏಳುವ ಕೈಗಳು ಬಹಳ ಕಡಿಮೆ. ನನಗೆ ಬೇಸರ ಆಗುವುದು ಇಲ್ಲೇ. ಹಣ ಖರ್ಚಾಗುವುದೂ ಇಲ್ಲೇ.

ಯಾಕೆ ಅಂತ ಹೇಳುತ್ತೇನೆ. ಎಲೆ ತಿನ್ನುವ ಹುಳುಗಳಿಗೆ ನಾವು ಹೊಡೆಯುವ ಹೆಚ್ಚಿನ ಔಷಧಗಳು ಅವುಗಳ ಹೊಟ್ಟೆಗೆ ಹೋದಾಗಲೇ ಚೆನ್ನಾಗಿ ಕೆಲಸ ಮಾಡುವುದು. ಕೋಶ ಏನನ್ನೂ ತಿನ್ನುವುದಿಲ್ಲ. ಮೇಲೆ ಗಟ್ಟಿ ಕವಚ, ಅದರ ಮೇಲೆ ಮಣ್ಣು. ಸುಳಿಗೆ ಹೊಡೆದ ಔಷಧ ಅಲ್ಲಿಗೆ ತಲುಪುವುದೇ ಇಲ್ಲ. ಹುಳು ಮಾಯವಾದ ಮೇಲೆ ‘ಯಾವುದಕ್ಕೂ ಇರಲಿ’ ಎಂದು ಹೊಡೆಯುವ ಇನ್ನೊಂದು ಸುತ್ತು ಸುಮ್ನೆ ದಂಡ. ಅಷ್ಟೇ ಅಲ್ಲ, ಹೊಲದಲ್ಲಿ ಹುಳುವಿನ ಶತ್ರುಗಳಾಗಿ ಓಡಾಡುವ ಕಣಜ, ಜೇಡಗಳು ಅದಕ್ಕೆ ಬಲಿಯಾಗುತ್ತವೆ. ಬಿಸಿಲಿನ ದಿನಗಳಲ್ಲಿ ಸುಮಾರು 8–10 ದಿನ, ಚಳಿಯಲ್ಲಿ ಇನ್ನೂ ಜಾಸ್ತಿ ದಿನ ಮಣ್ಣಿನಲ್ಲಿದ್ದು ಪತಂಗ ಹೊರಬರುತ್ತದೆ. ಒಂದು ಹೆಣ್ಣು ಪತಂಗ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಆಮೇಲೆ ‘ಮತ್ತೆ ಎಲ್ಲಿಂದ ಬಂತು ಈ ಹುಳ?’ ಎಂಬ ಫೋನ್ ಬರುತ್ತದೆ. ಬೇರೆ ಹೊಲದಿಂದ ಹಾರಿ ಬರುವುದೂ ಉಂಟು. ಆದರೆ ನಿಮ್ಮ ಹೊಲದ ಮಣ್ಣಿನಿಂದಲೂ ಬಂದಿರುತ್ತದೆ.

ಒಳಗೆ ಏನು ನಡೆಯುತ್ತದೆ ಎಂಬುದು ತಿಳಿಯಬೇಕಾದ ವಿಷಯ. ಹುಳುವಿನ ಮೈಯಲ್ಲಿ ಎಳೆತನ ಕಾಯುವ ಒಂದು ಹಾರ್ಮೋನ್ ಇರುತ್ತದೆ. ಜುವೆನೈಲ್ ಹಾರ್ಮೋನ್ ಅಂತ ಹೆಸರು. ಇದು ಇರುವವರೆಗೆ ಹುಳು ಪೊರೆ ಬಿಟ್ಟರೂ ಮತ್ತೆ ಹುಳುವೇ ಆಗುತ್ತದೆ, ಸ್ವಲ್ಪ ದೊಡ್ಡದಾಗಿ. ಕೊನೆಯ ಹಂತದಲ್ಲಿ ಇದು ಇಳಿದುಹೋಗುತ್ತದೆ. ಆಗ ಪೊರೆ ಬಿಡಿಸುವ ಎಕ್ಡೈಸೋನ್ ಹಾರ್ಮೋನ್ ಏರಿದರೆ ಹೊರಬರುವುದು ಕೋಶ. ಮೊದಲ ಒಂದೆರಡು ದಿನದ ಕೋಶ ಒಡೆದರೆ ಗಟ್ಟಿ ಮಜ್ಜಿಗೆಯಂಥ ದ್ರವ ಹರಿಯುತ್ತದೆ. ಹುಳುವಿನ ಮಾಂಸ ಬಹುಪಾಲು ಕರಗಿರುತ್ತದೆ. ಎಲ್ಲವೂ ಕರಗುವುದಿಲ್ಲ. ಉಸಿರಾಟದ ನಳಿಕೆಗಳು, ನರಗಳ ವ್ಯವಸ್ಥೆ ಬದಲಾದರೂ ಉಳಿದುಕೊಳ್ಳುತ್ತವೆ. ರೆಕ್ಕೆ ಕಾಲುಗಳ ಮೊಳಕೆಗಳು ಹುಳುವಿನ ಮೈಯಲ್ಲಿ ಮೊದಲೇ ಇರುತ್ತವೆ, ಕರಗಿದ ಸಾರ ಉಂಡು ಈಗ ಬೆಳೆಯುತ್ತವೆ. 2008ರಲ್ಲಿ ಅಮೆರಿಕದ ವಿಜ್ಞಾನಿಗಳು ತಂಬಾಕಿನ ಒಂದು ಹುಳುವಿಗೆ ಒಂದು ವಾಸನೆ ತೋರಿಸಿ, ಜೊತೆಗೆ ಸಣ್ಣ ಕರೆಂಟ್ ಶಾಕ್ ಕೊಟ್ಟು ಕಲಿಸಿದರು. ಕೊನೆಯ ಹಂತದಲ್ಲಿ ಕಲಿತ ಹುಳುಗಳು ಪತಂಗವಾದ ಮೇಲೂ ಆ ವಾಸನೆಯಿಂದ ದೂರ ಸರಿದವು. ಮೈ ಅಷ್ಟು ಬದಲಾದರೂ ನೆನಪು ಉಳಿದಿತ್ತು. ಪ್ರತಿ ಸಲ ಇದನ್ನು ಹೇಳುವಾಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನು ಹೊಲದ ಕೆಲಸಕ್ಕೆ ಬರೋಣ. ಕೋಶ ಓಡುವುದಿಲ್ಲ, ಅಡಗಿದ ಜಾಗವೇ ಅದಕ್ಕೆ ಕಾವಲು. ಆ ಜಾಗ ಕೆಡಿಸಿದರೆ ಅರ್ಧ ಕೆಲಸ ಆದಂತೆ. ಮೆಕ್ಕೆಜೋಳ ಮುರಿದ ಮೇಲೆ ಹೊಲವನ್ನು ಹಾಗೇ ಬಿಡಬೇಡಿ. ಆದಷ್ಟು ಬೇಗ, ಹಗಲು ಹೊತ್ತಿನಲ್ಲೇ ಉಳುಮೆ ಮಾಡಿಸಿ. ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿ, ಮೈನಾ ಹಿಂಡು ಹೆಜ್ಜೆ ಹಾಕುವುದನ್ನು ನೋಡಿದ್ದೀರಲ್ವಾ? ಅವು ಹೆಕ್ಕುವುದು ಎರೆಹುಳು ಮಾತ್ರ ಅಲ್ಲ. ಸಂಜೆ ಮೇಲೆ ಉಳುಮೆ ಮಾಡಿದರೆ ಈ ಲಾಭ ಸಿಗುವುದಿಲ್ಲ. ಹಕ್ಕಿ ಕಣ್ಣಿಗೆ ಬೀಳದ ಕೋಶಗಳಲ್ಲಿ ಎಷ್ಟೋ ಬಿಸಿಲಿಗೆ ಒಣಗಿ ಸಾಯುತ್ತವೆ.

ಭತ್ತದ ಕಾಂಡಕೊರಕದ ಲೆಕ್ಕ ಬೇರೆ. ಅದು ಮಣ್ಣಿಗೆ ಇಳಿಯುವುದಿಲ್ಲ, ಕಾಂಡದ ಬುಡದೊಳಗೇ ಕೋಶವಾಗುತ್ತದೆ. ಇಲ್ಲೊಂದು ಜಾಣತನ ಇದೆ. ಹೊರಬರುವ ಪತಂಗಕ್ಕೆ ಕೊರೆಯುವ ದವಡೆ ಇಲ್ಲ. ಹಾಗಾಗಿ ಹುಳು ಕೋಶವಾಗುವ ಮೊದಲೇ ಪತಂಗ ಹೊರಡಲು ಕಾಂಡದಲ್ಲಿ ಕಿಂಡಿ ಕೊರೆದಿಟ್ಟು, ರೇಷ್ಮೆ ಎಳೆಯಿಂದ ಮುಚ್ಚಿಡುತ್ತದೆ. ಕೊಯ್ಲಾದ ಗದ್ದೆಯಲ್ಲಿ ಕೂಳೆ ಕಿತ್ತು ಸೀಳಿ ನೋಡಿದರೆ ನಿಮಗೇ ಕಾಣುತ್ತದೆ. ಅದಕ್ಕೇ ಕೊಯ್ಲು ನೆಲಮಟ್ಟಕ್ಕೆ ಇರಲಿ, ಕೂಳೆಯನ್ನು ಉತ್ತು ಮಣ್ಣಿಗೆ ಸೇರಿಸಿ ಅನ್ನುವುದು. ಹಣ್ಣಿನ ನೊಣವಾದರೆ ಉದುರಿದ ಹಣ್ಣನ್ನು ದಿನಾ ಆರಿಸಿ ನಾಶ ಮಾಡಬೇಕು, ಹುಳು ಹಣ್ಣು ಬಿಟ್ಟು ಮಣ್ಣಿಗೆ ಇಳಿಯುವ ಮುಂಚೆ.

ಎಲ್ಲ ಕೋಶವನ್ನೂ ಹೊಸಕಿ ಹಾಕಬೇಡಿ. ಮನೆ ಹಿಂದಿನ ಕರಿಬೇವು, ನಿಂಬೆ ಗಿಡ ನೋಡಿ. ನಿಂಬೆ ಚಿಟ್ಟೆಯ ಕೋಶ ಸೊಂಟಕ್ಕೆ ರೇಷ್ಮೆ ದಾರ ಕಟ್ಟಿಕೊಂಡು ಕಡ್ಡಿಗೆ ಆನಿಕೊಂಡಿರುತ್ತದೆ. ಹಸಿರಿನ ನಡುವೆ ಇದ್ದರೆ ಹಸಿರು, ಒಣ ಕಡ್ಡಿಯ ಮೇಲಾದರೆ ಹೆಚ್ಚಾಗಿ ಕಂದು. ತಲೆಯ ಕಡೆ ಸೀಳಿದ್ದರೆ ಚಿಟ್ಟೆ ಹಾರಿದೆ. ಮೈಮೇಲೆ ಸಣ್ಣ ದುಂಡನೆಯ ತೂತಿದ್ದರೆ ಹೊರಬಂದಿದ್ದು ಚಿಟ್ಟೆಯಲ್ಲ, ಪುಟ್ಟ ಕಣಜಗಳು. ಇವುಗಳ ತಾಯಿ ಕಣಜ ಚಿಟ್ಟೆಯ ಹುಳುವಿನ ಪಕ್ಕದಲ್ಲೇ ಕಾದಿದ್ದು, ಹೊಸ ಕೋಶದ ಕವಚ ಇನ್ನೂ ಮೆತ್ತಗಿರುವಾಗ ಒಳಗೆ ಮೊಟ್ಟೆ ಇಟ್ಟಿರುತ್ತದೆ. ನಮಗೆ ಸಂಬಳವಿಲ್ಲದೆ ದುಡಿಯುವ ಜೀವಗಳು ಇವು. ನಮ್ಮ ಚಗಳಿ ಇರುವೆ ಗೂಡಿನಲ್ಲಿ ಬಿಳಿ ‘ಮೊಟ್ಟೆ’ ಅಂತ ನಾವು ಹೇಳುವುದರಲ್ಲೂ ಹೆಚ್ಚಿನವು ಮರಿಹುಳು ಮತ್ತು ಕೋಶಗಳೇ.

ಅಡಿಕೆ ತೋಟದವರು ಬೇರುಹುಳು ಬಗ್ಗೆ ಕೇಳುತ್ತಾರೆ. ಮೊದಲು ಒಂದು ಗೊಂದಲ ಬಿಡಿಸಬೇಕು. ಗೊಬ್ಬರಗುಂಡಿಯಲ್ಲಿ ಸಿಗುವ ದಪ್ಪ ಬಿಳಿ ಹುಳು ಸಾಮಾನ್ಯವಾಗಿ ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯದು. ಅದು ಕೊಳೆತದ್ದನ್ನು ತಿನ್ನುತ್ತದೆ, ಅಡಿಕೆ ಬೇರನ್ನಲ್ಲ. ಗೊಬ್ಬರ ತಿರುವಿ ಹಾಕುವಾಗ ಹುಳು, ಕೋಶ ಎರಡನ್ನೂ ಆರಿಸಿ, ಗುಂಡಿಗೆ ಹುಳುವಿಗೆ ರೋಗ ತರುವ ಮೆಟಾರೈಜಿಯಂ ಶಿಲೀಂಧ್ರ ಬೆರೆಸಿದರೆ ತೆಂಗಿಗೆ ಒಳ್ಳೆಯದು.

ಅಡಿಕೆಯ ಬೇರುಹುಳು ಮಾತ್ರ ತೋಟದ ಮಣ್ಣಿನಲ್ಲೇ ಬೆಳೆದು, ಬೇರು ತಿಂದು ಬಲಿತ ಮೇಲೆ ಕೆಳಗಿಳಿದು ಮಣ್ಣಿನ ಗೂಡು ಮಾಡಿ ಕೋಶವಾಗುತ್ತದೆ. ದುಂಬಿಯಾದ ಮೇಲೂ ಮಳೆ ಬರುವವರೆಗೆ ಅಲ್ಲೇ ಇರುತ್ತದೆ. ಅಷ್ಟು ಆಳಕ್ಕೆ ಔಷಧ ಸುರಿದು ಪ್ರಯೋಜನವಿಲ್ಲ. ಅಡಿಕೆ ಬೇರು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಆಳ ಅಗೆತವೂ ಬೇಡ. ಮುಂಗಾರು ಮಳೆಗೆ ಮಣ್ಣು ನೆನೆದ ಮೇಲೆ ಮುಸ್ಸಂಜೆ ಹೊತ್ತಿಗೆ ದುಂಬಿಗಳು ಮೇಲೆದ್ದು ಹಾರುತ್ತವೆ. ಸ್ವಲ್ಪ ಹೊತ್ತು ಅಷ್ಟೇ, ಕತ್ತಲಾದ ಮೇಲೆ ಹುಡುಕಿದರೆ ಸಿಗುವುದು ಕಷ್ಟ. ಬಕೆಟ್‌ಗೆ ನೀರು ಹಾಕಿ ಸ್ವಲ್ಪ ಸೀಮೆಎಣ್ಣೆ ಬೆರೆಸಿಕೊಂಡು ಹೋಗಿ, ಹಿಡಿದ ದುಂಬಿಗಳನ್ನು ಅದಕ್ಕೆ ಹಾಕಿ. ಹೆಣ್ಣು ದುಂಬಿ ಮೊಟ್ಟೆ ಇಡುವ ಮೊದಲೇ ಸಿಕ್ಕಿದರೆ ಮುಂದಿನ ಹುಳುಗಳೂ ಅಷ್ಟು ಕಡಿಮೆ. ಒಂದೇ ಸಂಜೆ ಮಾಡಿ ನಿಲ್ಲಿಸಬೇಡಿ, ದುಂಬಿ ಏಳುವಷ್ಟು ದಿನವೂ ಮಾಡಿ. ಪಕ್ಕದ ತೋಟದವರಿಗೂ ಮೊದಲೇ ಹೇಳಿಡಿ, ದುಂಬಿಗೆ ಬೇಲಿ ಅಡ್ಡ ಬರುವುದಿಲ್ಲ.