ಚಾಕುವಿನ ಅಂಚಿಗೆ ಸಿಕ್ಕ ಹದಿಮೂರನೇ ಸ್ವರ

13 ಅಂದ ಕೂಡಲೇ ಕೆಲವರ ಕಿವಿ ನೆಟ್ಟಗಾಗುತ್ತದೆ. 'ಹದಿಮೂರನೇ ಸ್ವರ' ಅಂದುಬಿಟ್ಟರಂತೂ ಮುಗಿಯಿತು. ಯಾವುದೋ ಗುಪ್ತ ನಾದ ಇರಬೇಕು, ಕೇಳಿದರೆ ಮೈಯಲ್ಲಿನ ರೋಗ ಹೋಗಬಹುದು ಅಂತ ಊಹೆ ಓಡುತ್ತದೆ. 432 ಹರ್ಟ್ಜ್ ಸಂಗೀತದಿಂದ ಜೀವಕೋಶ ರಿಪೇರಿ ಆಗುತ್ತದೆ ಅನ್ನುವ ವಿಡಿಯೋ ನಿಮಗೂ ಯಾರಾದರೂ ಕಳಿಸಿರುತ್ತಾರೆ, ಅಲ್ವಾ? ಅಂಥದ್ದನ್ನು ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ. ಏಕೆಂದರೆ ಹದಿಮೂರನೇ ಸ್ವರ ಅನ್ನುವುದು ನಿಜವಾಗಿಯೂ ಇದೆ, ಅದರಲ್ಲಿ ಯಾವ ಗುಟ್ಟೂ ಇಲ್ಲ, ಒಂದು ಸ್ಕೇಲು ಹಿಡಿದು ಅಳೆಯಬಹುದು.

ಅದಕ್ಕೆ ಆ ಹೆಸರಿಟ್ಟವರು ಮೆಕ್ಸಿಕೋದ ಸಂಗೀತ ರಚನೆಕಾರ ಹೂಲಿಯಾನ್ ಕರೀಯೊ. 1875ರಲ್ಲಿ ಸಾನ್ ಲೂಯಿಸ್ ಪೊಟೊಸಿ ರಾಜ್ಯದ ಆವಾಲುಲ್ಕೊ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. 19 ಮಕ್ಕಳಲ್ಲಿ ಕೊನೆಯವರು. 1895ರಲ್ಲಿ ಮೆಕ್ಸಿಕೋ ಸಿಟಿಯ ಸಂಗೀತ ಶಾಲೆಯಲ್ಲಿ ಪಿಟೀಲು ಕಲಿಯುತ್ತಿದ್ದಾಗ ಧ್ವನಿವಿಜ್ಞಾನದ ಪಾಠವೂ ಇತ್ತು. ತಂತಿಯನ್ನು ಅರ್ಧಕ್ಕೆ ಒತ್ತಿದರೆ ಮೇಲಿನ ಸ್ಥಾಯಿ ಬರುತ್ತದೆ, ಮೂರನೇ ಒಂದು ಭಾಗಕ್ಕೆ ಒತ್ತಿದರೆ ಪಂಚಮ ಅನ್ನುವ ಪಾಠ. ನಮ್ಮ ಹುಡುಗನಿಗೆ ಅಷ್ಟು ಸಾಕಾಗಲಿಲ್ಲ. ಹಾಗಾದರೆ ಎಲ್ಲಿಯವರೆಗೆ ತುಂಡು ಮಾಡಬಹುದು ಅಂತ ಕೇಳಿಕೊಂಡು, ಪಿಟೀಲಿನ ಅತಿ ದಪ್ಪ ತಂತಿಯ ಮೇಲೆ ಬೆರಳಿನ ಬದಲು ಚಾಕುವಿನ ಅಂಚು ಇಟ್ಟರು. ಒಂದು ಸ್ವರದಿಂದ ಪಕ್ಕದ ಪೂರ್ಣ ಸ್ವರಕ್ಕೆ (ಪಿಯಾನೊದಲ್ಲಾದರೆ ಎರಡು ಕೀಲಿಯಷ್ಟು ದೂರ) ಹೋಗುವ ದಾರಿಯಲ್ಲಿ ಬೇರೆ ಬೇರೆಯಾಗಿ ಕೇಳುವ 16 ಹೆಜ್ಜೆ ಸಿಕ್ಕವು.

ಚಾಕುವೇ ಏಕೆ? ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪಿಟೀಲಿನ ತಂತಿ ಸುಮಾರು 330 ಮಿಲಿಮೀಟರ್ ಉದ್ದ. ಆ ದಪ್ಪ ತಂತಿ ಸುಮ್ನೆ ಮೀಟಿದರೆ ಸೆಕೆಂಡಿಗೆ 196 ಸಲ ಕಂಪಿಸುತ್ತದೆ. ಒಂದು ಪೂರ್ಣ ಸ್ವರ ಮೇಲೇರಿ 220ಕ್ಕೆ ಮುಟ್ಟಬೇಕಾದರೆ ತಲೆಯ ಕಡೆಯಿಂದ 36 ಮಿಲಿಮೀಟರ್ ಒಳಗೆ ಒತ್ತಬೇಕು. ಆ 36 ಮಿಲಿಮೀಟರ್ ಜಾಗದಲ್ಲಿ 16 ಹೆಜ್ಜೆ. ಅಂದರೆ ಒಂದೊಂದಕ್ಕೆ ಎರಡು ಮಿಲಿಮೀಟರಿಗಿಂತ ಚೂರು ಜಾಸ್ತಿ, ಸರಿಸುಮಾರು ಒಂದು ಅಕ್ಕಿ ಕಾಳಿನ ಅಗಲದಷ್ಟು. ಬೆರಳ ತುದಿ ಅದರ ಐದಾರು ಪಟ್ಟು ಅಗಲ, ಮೇಲಾಗಿ ಮೆತ್ತಗೆ. ರಂಗೋಲಿಯ ಎಳೆಯನ್ನು ಪೊರಕೆಯಲ್ಲಿ ಎಳೆಯಲು ಹೋದ ಹಾಗೆ. ಒಳ್ಳೆಯ ಪಿಟೀಲುಗಾರರು ಬೆರಳನ್ನು ಚೂರು ಹೊರಳಿಸಿ ಇಷ್ಟು ಸಣ್ಣ ವ್ಯತ್ಯಾಸ ತರುತ್ತಾರೆ, ನಿಜ. ಆದರೆ ಇಲ್ಲಿಗೊಂದು ಗೆರೆ, ಇಲ್ಲಿಗಿನ್ನೊಂದು ಗೆರೆ ಅಂತ ಗುರುತು ಮಾಡಿ ಎಣಿಸಬೇಕಾದರೆ ಚೂಪಾದ ಅಂಚೇ ಬೇಕು. ವೀಣೆಯಲ್ಲಿ ಎರಡು ಸ್ಥಾಯಿಗೆ 24 ಮೆಟ್ಟು ಇವೆಯಲ್ಲ, ಕರೀಯೊ ಲೆಕ್ಕದಲ್ಲಿ ಅದೇ ವೀಣೆಗೆ 192 ಮೆಟ್ಟು ಬೇಕಾಗುತ್ತದೆ! ಒಂದು ಸ್ಥಾಯಿಗೆ 6 ಪೂರ್ಣ ಸ್ವರ, ಒಂದೊಂದರಲ್ಲಿ 16 ಹೆಜ್ಜೆ, ಒಟ್ಟು 96.

ಪಿಯಾನೊದಲ್ಲಿ ಒಂದು ಸ್ಥಾಯಿಗೆ ಇರುವುದು 12 ಸ್ವರ. ಅದನ್ನು ದಾಟಿದ ಮೊದಲನೆಯದು ಹದಿಮೂರನೆಯದು. 'ಸೊನೀದೊ ತ್ರೆಸೆ', ಅಂದರೆ ಹದಿಮೂರನೇ ನಾದ, ಅನ್ನುವ ಹೆಸರಿನ ಅರ್ಥ ಇಷ್ಟೇ. ಆಮೇಲೆ ಅವರು ತಮ್ಮ ಇಡೀ ಪದ್ಧತಿಗೇ ಆ ಹೆಸರು ಇಟ್ಟುಕೊಂಡರು.

ಇಷ್ಟು ಸಣ್ಣ ಹೆಜ್ಜೆ ಕಿವಿಗೆ ಗೊತ್ತಾಗುತ್ತದಾ ಅಂತ ಕೇಳಬಹುದು. ಗೊತ್ತಾಗುತ್ತದೆ, ನೀವು ಈಗಾಗಲೇ ಕೇಳಿದ್ದೀರಿ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಮೀಟಿದರೆ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಏಳುತ್ತದಲ್ಲ, ಅದು ಮೂಲ ಕಂಪನದ ಸರಿಯಾಗಿ ಐದು ಪಟ್ಟು. ಷಡ್ಜ 100 ಆದರೆ ಗಾಂಧಾರ 500. ಈಗ ಅದೇ ಶ್ರುತಿಗೆ ಹಾರ್ಮೋನಿಯಂ ತಂದು ಅದೇ ಗಾಂಧಾರ ಒತ್ತಿ. ಅದರ ಸ್ವರಗಳು ಸ್ಥಾಯಿಯನ್ನು 12 ಸಮಭಾಗ ಮಾಡಿದವು, ಹಾಗಾಗಿ ಅಲ್ಲಿ 504 ಬರುತ್ತದೆ. ಎರಡೂ ಒಟ್ಟಿಗೆ ನುಡಿದರೆ ಸೆಕೆಂಡಿಗೆ ನಾಲ್ಕು ಸಲ ವೊಂಯ್ ವೊಂಯ್ ಅಂತ ಏರಿಳಿಯುತ್ತದೆ. ಎರಡು ಗೋಡೆ ಗಡಿಯಾರ ಸ್ವಲ್ಪ ಹಿಂದುಮುಂದಾಗಿ ಓಡುತ್ತಾ ಆಗಾಗ ಒಟ್ಟಿಗೆ ಟಿಕ್ ಅನ್ನುತ್ತವಲ್ಲ, ಹಾಗೆ. ಆ ಹಾರ್ಮೋನಿಯಂ ಗಾಂಧಾರವನ್ನು ಕರೀಯೊ ಅವರ ಒಂದೇ ಒಂದು ಹೆಜ್ಜೆ ಕೆಳಗಿಳಿಸಿ. 500.3. ತಂಬೂರಿಯ ಪಕ್ಕಕ್ಕೇ ಬಂದು ಕೂರುತ್ತದೆ. ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಮಾಡಿದ ದಿನ ನಾನು ಮೂರು ಸಲ ತಾಳೆ ನೋಡಿದ್ದೆ, ಅಷ್ಟು ಖುಷಿಯಾಗಿತ್ತು.

ಇಷ್ಟು ಹೇಳಿದರೆ ಒಂದು ಮಾತು ಬಂದೇ ಬರುತ್ತದೆ: "ನಮ್ಮಲ್ಲಿ 22 ಶ್ರುತಿ ಎಂದೋ ಇತ್ತು, ಅವರು ಈಗ ಕಂಡುಹಿಡಿದರು." ಭರತನ ನಾಟ್ಯಶಾಸ್ತ್ರದಲ್ಲಿ ಒಂದು ಸ್ಥಾಯಿಯೊಳಗೆ 22 ಶ್ರುತಿಯ, ಅಂದರೆ ಸೂಕ್ಷ್ಮ ಅಂತರಗಳ, ಮಾತು ಇದೆ, ಸರಿ. ಆದರೆ ದಯವಿಟ್ಟು ಎರಡನ್ನೂ ಕಲಸಬೇಡಿ. ನಮ್ಮ ತೋಡಿ ರಾಗದ ಗಾಂಧಾರ ಒಂದು ಕಡೆ ನಿಲ್ಲುವುದೇ ಇಲ್ಲ, ಅದರ ಜೀವ ಇರುವುದು ಓಲಾಟದಲ್ಲಿ. ಕರೀಯೊ ಕೇಳಿದ್ದು ಬೇರೆ: ಒಂದೊಂದು ಹೆಜ್ಜೆಯೂ ಸಮ, ಒಂದೊಂದಕ್ಕೂ ಸ್ವಂತ ಜಾಗ, ಸ್ವಂತ ಹೆಸರು. ಒಂದು ಹೊಳೆ, ಇನ್ನೊಂದು ಮೆಟ್ಟಿಲು.

ಕರೀಯೊ ಮೊದಲಿಗರೂ ಅಲ್ಲ. 16ನೇ ಶತಮಾನದಲ್ಲೇ ಇಟಲಿಯ ನಿಕೋಲಾ ವಿಚೆಂಟಿನೊ ಒಂದು ಸ್ಥಾಯಿಗೆ 30ಕ್ಕೂ ಹೆಚ್ಚು ಕೀಲಿಗಳ ವಾದ್ಯ ಮಾಡಿಸಿದ್ದರು. ಕರೀಯೊ ಕಾಲದಲ್ಲೇ ಚೆಕ್ ನಾಡಿನ ಅಲೋಯಿಸ್ ಹಾಬಾ, ರಷ್ಯಾದಿಂದ ಪ್ಯಾರಿಸ್‌ಗೆ ಹೋದ ಇವಾನ್ ವಿಶ್ನೆಗ್ರಾಡ್ಸ್ಕಿ ಕಾಲು ಸ್ವರದಲ್ಲಿ ಬರೆಯುತ್ತಿದ್ದರು. 1920ರ ದಶಕದಲ್ಲಿ ಮೆಕ್ಸಿಕೋ ಪತ್ರಿಕೆಗಳಲ್ಲಿ ಕರೀಯೊ ವಿರುದ್ಧ ದೊಡ್ಡ ವಾಗ್ವಾದವೇ ನಡೆಯಿತು. ತಮ್ಮ ಕೆಲಸವನ್ನು ಅವರು ಕ್ರಾಂತಿ ಅಂತ ಕರೆದುಕೊಂಡದ್ದು ಅತಿಯಾಯಿತು ಅಂತಲೇ ನನಗೂ ಅನ್ನಿಸುತ್ತದೆ. ಆದರೆ ಬೇರೆಯವರು ಹೆಚ್ಚಾಗಿ ಕಾಲು ಸ್ವರದ ಆಸುಪಾಸಿನಲ್ಲಿದ್ದಾಗ ಇವರು ಹದಿನಾರನೇ ಒಂದಕ್ಕೆ ಇಳಿದರು. ಪಾಶ್ಚಾತ್ಯ ಸಂಗೀತದ ಐದು ಗೆರೆಯ ಬರವಣಿಗೆ ಸಾಲದು ಅನ್ನಿಸಿದಾಗ ಅದನ್ನೇ ಬಿಟ್ಟು 0ಯಿಂದ 95ರವರೆಗಿನ ಅಂಕಿಗಳಲ್ಲಿ ಸ್ವರ ಬರೆದರು. ಅದು ಬೀದಿಯ ಮನೆ ನಂಬರಿನಷ್ಟು ಸರಳ. 1927ರಲ್ಲಿ ವಾದ್ಯವೃಂದ ನಿರ್ದೇಶಕ ಲಿಯೋಪೋಲ್ಡ್ ಸ್ಟೊಕೊವ್ಸ್ಕಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾದೊಂದಿಗೆ ಇವರ ಕೃತಿಯೊಂದನ್ನು ನುಡಿಸಿದರು. ಹುಟ್ಟಿದ ಊರಿನ ಹೆಸರೇ ಈಗ 'ಆವಾಲುಲ್ಕೊ ದೆಲ್ ಸೊನೀದೊ ತ್ರೆಸೆ'.

ಸ್ವರ ಬರೆದರೆ ಸಾಕೇ, ನುಡಿಸುವ ವಾದ್ಯ ಬೇಡವೇ? 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಕರೀಯೊ ಅವರ 15 ಪಿಯಾನೊಗಳನ್ನು ಸಾಲಾಗಿ ಇಟ್ಟಿದ್ದರು. ಕಟ್ಟಿಕೊಟ್ಟದ್ದು ಜರ್ಮನಿಯ ಸಾಟರ್ ಕಂಪನಿ. ಆಗ ಅವರಿಗೆ 83 ವರ್ಷ, ಚಾಕು ಹಿಡಿದು 63 ವರ್ಷ ಕಳೆದಿತ್ತು. ಅತಿ ಸೂಕ್ಷ್ಮವಾದದ್ದು ಹದಿನಾರನೇ ಒಂದರ ಪಿಯಾನೊ. ನೋಡಲು ಮಾಮೂಲಿ ಪಿಯಾನೊದ ಹಾಗೆಯೇ ಇದೆ, 97 ಕೀಲಿ. ಎಡತುದಿಯ ಕೀಲಿ ಒತ್ತಿ, ಕೈ ಚಾಚಿ ಬಲತುದಿಯದನ್ನು ಒತ್ತಿದರೆ ಬರುವುದು ಕೆಳಗಿನ ಸ ಮತ್ತು ಮೇಲಿನ ಸ, ಅಷ್ಟೇ. ಹತ್ತು ಬೆರಳನ್ನೂ ಪಕ್ಕಪಕ್ಕದ ಕೀಲಿಗಳ ಮೇಲಿಟ್ಟರೆ ಆ ಹತ್ತೂ ಸೇರಿ ದಾಟುವ ದೂರ ಹಾರ್ಮೋನಿಯಂನ ಒಂದು ಬಿಳಿ ಕೀಲಿಯಿಂದ ಅದರ ಪಕ್ಕದ ಕರಿ ಕೀಲಿಗಿರುವ ದೂರಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಬೇಗಬೇಗ ಬೆರಳು ಓಡಿಸಿದರೆ ಮೆಟ್ಟಿಲು ಮಾಯವಾಗಿ ಬರೀ ಜಾರು ಕೇಳುತ್ತದೆ. ನಿಧಾನವಾಗಿ, ಒಂದೊಂದೇ ಒತ್ತಿದರೆ ಮತ್ತೆ ಮೆಟ್ಟಿಲು.